ಕೇಳುವ ಕಿವಿಗೆ ಕೂಲಿ

ನಮ್ಮ ರಾಮಸಮುದ್ರದಲ್ಲಿ ಪುಕ್ಕಟೆ ಸಿಗುವ ವಸ್ತುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಮಜ್ಜಿಗೆ ಪ್ಯಾಕೆಟ್ಟಿನೊಳಗೆ ಹೋಯಿತು. ಕುಡಿಯುವ ನೀರಿಗೂ ನಾಣ್ಯ ಹಾಕುವ ಕಾಲ ಬಂತು. ಎಮ್ಮೆಗೆಂದು ಒಂದು ಹೊರೆ ಕಣಿಕೆ ಕೇಳಿದರೆ ಜನ ನಮ್ಮ ಮುಖವನ್ನೇ ನೋಡುತ್ತಾರೆ. ಉಳಿದಿರುವುದು ಬುದ್ಧಿಮಾತು ಒಂದೇ. ಅದು ಕೇಳಿದರೂ ಸಿಗುತ್ತದೆ, ಕೇಳದಿದ್ದರೆ ಇನ್ನೂ ಜಾಸ್ತಿ ಸಿಗುತ್ತದೆ. ಬೇವಿನ ಕಟ್ಟೆಯ ಮೇಲೆ ಒಂದು ಗಳಿಗೆ ಸಪ್ಪಗೆ ಕೂತು ನೋಡಿ. ನಿಮ್ಮ ಹೊಟ್ಟೆಗೆ ಏನು ತಿನ್ನಬೇಕು, ಮಗಳನ್ನು ಯಾವ ಊರಿಗೆ ಕೊಡಬೇಕು, ಅಣ್ಣತಮ್ಮಂದಿರ ಪಾಲಿನಲ್ಲಿ ಬಾವಿ ಯಾರಿಗೆ ಬರಬೇಕು ಎಂಬ ಎಲ್ಲವನ್ನೂ ನಾಲ್ಕು ಮಂದಿ ಸೇರಿ ತೀರ್ಮಾನಿಸಿಕೊಟ್ಟು, ಚಹಾ ಕೂಡ ಕುಡಿಸುತ್ತಾರೆ.

ಇಂಥ ಊರಿಗೆ ಒಂದು ಸುದ್ದಿ ಬಂತು. ನಮ್ಮ ದೊಡ್ಡವ್ವನ ಮೊಮ್ಮಗ, ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿರುವ ಹುಡುಗ, ವಾರಕ್ಕೊಮ್ಮೆ ಸಾವಿರದ ಇನ್ನೂರು ರೂಪಾಯಿ ಕೊಟ್ಟು ಫೋನಿನಲ್ಲಿ ಯಾರ ಜತೆಗೋ ಮಾತಾಡುತ್ತಾನಂತೆ. ಹಬ್ಬಕ್ಕೆ ಬಂದವನನ್ನು ದೊಡ್ಡವ್ವ ಪಡಸಾಲೆಯಲ್ಲೇ ತಡೆದು ನಿಲ್ಲಿಸಿದಳು.

"ಮಾತಾಡ್ಲಾಕ ರೊಕ್ಕಾ? ಅದೂ ಸಾವಿರದ ಇನ್ನೂರಾ? ಅಷ್ಟರಾಗ ನಾಕು ಆಳು ಬಂದು ಹತ್ತಿ ಬಿಡಸಿ ಹೋಗ್ತಾರಲ್ಲೋ ಯಪ್ಪಾ! ಏನು ಹೇಳ್ತಾರಂತ ಅಷ್ಟು ರೊಕ್ಕಕ್ಕ?"

"ಅವ್ರು ಹೇಳಾದು ಕಡಿಮಿ ಆಯಿ. ಕೇಳ್ತಾರ."

ಈ ಉತ್ತರದಿಂದ ಪ್ರಕರಣ ಇನ್ನಷ್ಟು ಬಿಗಡಾಯಿಸಿತು. ಹೇಳುವವರಿಗೆ ರೊಕ್ಕ ಕೊಡುವುದನ್ನು ದೊಡ್ಡವ್ವ ಹೇಗೋ ನುಂಗಿಕೊಳ್ಳುತ್ತಿದ್ದಳು. ಸ್ವಾಮಿಗಳಿಗೆ, ಜೋಯಿಸರಿಗೆ, ವಕೀಲರಿಗೆ ಕೊಡುತ್ತಲೇ ಬಂದಿದ್ದಾಳೆ. ಸುಮ್ಮನೆ ಕೂತು ಕೇಳುವುದಕ್ಕೂ ಕೂಲಿ ಇದೆಯೆಂದರೆ, ಎಂಬತ್ತು ವರ್ಷ ಅವಳು ಕೇಳಿಸಿಕೊಂಡದ್ದರ ಲೆಕ್ಕ ಎಲ್ಲಿಗೆ ಹೋಯಿತು?

ಹುಡುಗನ ಒಳಗಿನ ಮಾತು ಏನೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ನಾನು ಕೇಳಿದ್ದು ಅಂಗಳದ ಪ್ರಶ್ನೆಗಳನ್ನು ಮಾತ್ರ: ಹೇಗೆ ಶುರು ಮಾಡುತ್ತಾರೆ, ರೊಕ್ಕ ಹೇಗೆ ಕಟ್ಟುತ್ತಾರೆ, ಪಾವತಿ ಕೊಡುತ್ತಾರೋ ಇಲ್ಲವೋ. ಇಷ್ಟನ್ನೇ ಯಾರೂ ಸರಿಯಾಗಿ ಹೇಳುವುದಿಲ್ಲ. "ಮನಸ್ಸಿಗೆ ತ್ರಾಸಾದರೆ ತಜ್ಞರನ್ನು ಕಾಣಿ" ಎಂದು ಪತ್ರಿಕೆಗಳು ಬರೆಯುತ್ತವೆ. ಯಾದಗಿರಿ ಕಡೆಯವನು ಬೆಂಗಳೂರಿನ ತಜ್ಞರನ್ನು ಕಾಣಲು ರೈಲಿನಲ್ಲಿ ಒಂದು ರಾತ್ರಿ ಕಳೆಯಬೇಕು ಎಂಬುದು ಆ ವಾಕ್ಯದಲ್ಲಿ ಇರುವುದಿಲ್ಲ.

ದೂರದಿಂದಲೇ ರೋಗಿಯನ್ನು ನೋಡುವ ವೈದ್ಯರಿಗೆ ಸರ್ಕಾರ ಮೊದಲ ಸಲ ಸ್ಪಷ್ಟ ನಿಯಮಾವಳಿ ಹೊರಡಿಸಿದ್ದು 2020ರ ಮಾರ್ಚ್ 25ರಂದು. ದೇಶಕ್ಕೆ ಬೀಗ ಬಿದ್ದ ದಿನವೂ ಅದೇ. ಸಮಾಲೋಚಕರೂ ಆಗ ಪರದೆಗೆ ಬಂದವರು, ಬೀಗ ತೆಗೆದ ಮೇಲೂ ಅಲ್ಲಿಂದ ಏಳಲಿಲ್ಲ. ಹುಡುಗ ಹೇಳಿದಂತೆ ಮೊದಲು ಒಂದು ಫಾರ್ಮ್ ತುಂಬಬೇಕು. ಹೆಸರು, ವಯಸ್ಸು, ಯಾವ ಭಾಷೆಯಲ್ಲಿ ಮಾತಾಡುತ್ತೀರಿ, ಹಿಂದೆ ಮಾತ್ರೆ ತಗೊಂಡಿದ್ದೀರಾ, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು. ಈ ಕೊನೆಯ ಖಾನೆಯಲ್ಲಿ ಅವನು ಬಹಳ ಹೊತ್ತು ನಿಂತನಂತೆ. ಅಪ್ಪನ ನಂಬರ್ ಬರೆದರೆ ಅಪ್ಪನಿಗೆ ತಿಳಿಯುತ್ತದೆ, ಗೆಳೆಯನದು ಬರೆದರೆ ಇಡೀ ವಾಟ್ಸಾಪ್ ಗುಂಪಿಗೆ ತಿಳಿಯುತ್ತದೆ.

ಆಮೇಲೆ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ. ಪಿಎಚ್‌ಕ್ಯೂ-9 ಎಂದು ಅದರ ಹೆಸರು, ಅಮೆರಿಕದಲ್ಲಿ ತಯಾರಾಗಿ 2001ರಲ್ಲಿ ಪ್ರಕಟವಾದದ್ದು, ಈಗ ಜಗತ್ತೆಲ್ಲ ಓಡಾಡುತ್ತಿದೆ. ಕಳೆದ ಎರಡು ವಾರದಲ್ಲಿ ಕೆಲಸದ ಮೇಲೆ ಆಸಕ್ತಿ ಕಡಿಮೆಯಾಗಿದೆಯೇ, ನಿದ್ದೆ ಸರಿಯಿದೆಯೇ, ಸುಸ್ತು ಇದೆಯೇ, ಊಟ ಸೇರುತ್ತದೆಯೇ? ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಮೇ ತಿಂಗಳಲ್ಲಿ ಈ ಪಟ್ಟಿ ಹಿಡಿದು ಯಾರಾದರೂ ನಮ್ಮ ಊರಿಗೆ ಬಂದರೆ ಎಮ್ಮೆಗಳೂ ಒಳ್ಳೆಯ ಅಂಕ ತೆಗೆದಾವು. ಆದರೆ ಒಂಬತ್ತನೆಯ ಪ್ರಶ್ನೆ ಬದುಕು ಸಾಕೆನಿಸಿದೆಯೇ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ನಮ್ಮ ಕಟ್ಟೆಯಲ್ಲಿ ಯಾರೂ ಯಾರನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ಪುಕ್ಕಟೆ ಬುದ್ಧಿಮಾತು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಯಾರ ಹತ್ತಿರ ಹೋಗುತ್ತಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಬಂದ ಡಾಕ್ಟರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು, ಮಾತ್ರೆ ಬರೆಯುವುದಿಲ್ಲ. ಕೌನ್ಸೆಲರ್ ಎಂಬ ಹೆಸರಿನ ಕೆಳಗೆ ಮನಶ್ಶಾಸ್ತ್ರದಲ್ಲಿ ಎಂಎಸ್‌ಸಿ ಮಾಡಿದವರೂ ಇದ್ದಾರೆ, ಶನಿವಾರ-ಭಾನುವಾರದ ಕೋರ್ಸಿನಲ್ಲಿ ಸರ್ಟಿಫಿಕೇಟ್ ಪಡೆದವರೂ ಇದ್ದಾರೆ. ಎತ್ತು ಕೊಳ್ಳುವಾಗ ಬಾಯಿ ತೆರೆದು ಹಲ್ಲು ಎಣಿಸುವ ಜನ ನಾವು, ಇಲ್ಲಿ ಮಾತ್ರ "ಏನು ಓದೀರಿ ಮೇಡಂ?" ಎಂದು ಕೇಳಲು ನಾಚುತ್ತೇವೆ. ಕೇಳಬೇಕು. ಒಳ್ಳೆಯವರು ಸಿಟ್ಟಾಗುವುದಿಲ್ಲ.

ಇನ್ನು ರೊಕ್ಕದ ಮಾತು. ಸಾಮಾನ್ಯವಾಗಿ ಮೊದಲೇ ಕಟ್ಟಬೇಕು. ಕಟ್ಟಿದ ಚೀಟಿಯ ಫೋಟೊ ಕಳಿಸಿದ ಮೇಲೆ ಲಿಂಕ್ ಬರುತ್ತದೆ. ಇಪ್ಪತ್ತನಾಲ್ಕು ತಾಸು ಮುಂಚೆ ತಿಳಿಸದೆ ತಪ್ಪಿಸಿದರೆ ರೊಕ್ಕ ಹೋದಂತೆಯೇ. ಈ ಕರಾರು ಕೇಳಿ ನಾನು ಹುಬ್ಬೇರಿಸಿದೆ. ಪಕ್ಕದಲ್ಲಿ ಸುಸಲಾ ತಿನ್ನುತ್ತಿದ್ದ ನಮ್ಮ ಮಾವ ಏರಿಸಲಿಲ್ಲ. "ಹೊಲ ಲಾವಣಿ ಹಿಡದಂಗ ಅದ ಬಿಡು. ಬಿತ್ತಿದ್ರೂ ಲಾವಣಿ ಕೊಡಬೇಕು, ಬೀಳು ಕೆಡವಿದ್ರೂ ಕೊಡಬೇಕು. ಆ ತಾಸು ಇವನದು. ಕೂಡ್ತಾನೋ ಬಿಡ್ತಾನೋ ಇವನಿಗೆ ಬಿಟ್ಟದ್ದು" ಎಂದ.

ಮಾವ ಫ್ರಾಯ್ಡನನ್ನು ಓದಿಲ್ಲ. ಆದರೆ ವಿಯೆನ್ನಾದ ಆ ಡಾಕ್ಟರು 1913ರಲ್ಲಿ, ಚಿಕಿತ್ಸೆಯನ್ನು ಹೇಗೆ ಶುರು ಮಾಡಬೇಕು ಎಂಬ ತನ್ನ ಲೇಖನದಲ್ಲಿ, ಹೆಚ್ಚುಕಡಿಮೆ ಇದೇ ವಾದ ಹೂಡಿದ್ದಾನೆ. ನನ್ನ ದಿನದ ಇಂಥ ತಾಸನ್ನು ನಿಮಗೆ ಕೊಟ್ಟಿದ್ದೇನೆ, ಬಳಸದಿದ್ದರೂ ಹೊಣೆ ನಿಮ್ಮದೇ. ಸಂಗೀತದ ಮೇಷ್ಟರಿಗೆ ಹಾಗೆ ಕೊಡುವುದಿಲ್ಲವೇ ಎನ್ನುತ್ತಾನೆ. ರೊಕ್ಕದ ಮಾತಿಗೆ ಜನ ಕಾಮದ ಮಾತಿಗೆ ನಾಚುವಷ್ಟೇ ನಾಚುತ್ತಾರೆ, ಆದ್ದರಿಂದ ವೈದ್ಯನೇ ಮೊದಲ ದಿನ ಅದನ್ನು ಬಿಚ್ಚಿ ಆಡಿಬಿಡಬೇಕು ಎಂಬುದು ಅವನ ಮತ. ಸುಮಾರು ಹತ್ತು ವರ್ಷ ದಿನಕ್ಕೆ ಒಂದು ತಾಸು ಪುಕ್ಕಟೆ ಚಿಕಿತ್ಸೆಯನ್ನೂ ಕೊಟ್ಟು ನೋಡಿದ್ದ. ಪುಕ್ಕಟೆಯಾದರೆ ಕೆಲವರ ಬಿಗಿ ಸಡಿಲುವ ಬದಲು ಹೆಚ್ಚುತ್ತದೆ ಎಂದು ಅವನಿಗೆ ಕಂಡಿತು. ಅದೇ ಫ್ರಾಯ್ಡ್ 1918ರಲ್ಲಿ ಬುಡಾಪೆಸ್ಟಿನಲ್ಲಿ ನಿಂತು, ಬಡವರಿಗೂ ಈ ಚಿಕಿತ್ಸೆ ಪುಕ್ಕಟೆ ಸಿಗುವ ದಿನ ಬರಬೇಕು ಎಂದ. ಎರಡು ವರ್ಷದಲ್ಲಿ ಬರ್ಲಿನ್ನಿನಲ್ಲಿ ಅಂಥದೊಂದು ಕ್ಲಿನಿಕ್ಕು ತೆರೆಯಿತು ಕೂಡ. ಒಬ್ಬನೇ ಮನುಷ್ಯ ಎರಡು ಮಾತು. ಎರಡೂ ಸರಿ ಎಂದು ನನಗೆ ತೋರುತ್ತದೆ.

ಹುಡುಗನ ಆಫೀಸಿನಲ್ಲಿ ಇಂಥ ಸೆಷನ್‌ಗಳನ್ನು ಕಂಪನಿಯೇ ಕೊಡುತ್ತದಂತೆ, ನೌಕರ ಒಂದು ಪೈಸೆ ಕಟ್ಟಬೇಕಿಲ್ಲ. ಮತ್ತೆ ಕೈಯಿಂದ ಯಾಕೆ ಕಟ್ಟುತ್ತೀ ಎಂದೆ. "ಕಾಕಾ, ರೊಕ್ಕ ಅವ್ರು ಕೊಟ್ರ, ಕೇಳೋರು ಯಾರ ಕಡೀ?" ಎಂದ. ಗುಟ್ಟು ಕಾಯುವ ನಿಯಮ ಅಲ್ಲೂ ಇದೆ, ಅನುಮಾನ ಪಡಬೇಕಿಲ್ಲ ಎಂದು ನಾನು ವಾದಿಸಬಹುದಿತ್ತು. ಆದರೆ ನಮ್ಮ ಜಿಲ್ಲೆಯ ಇತಿಹಾಸ ಅವನ ಪಕ್ಷಕ್ಕೆ ನಿಂತಿತು. ಸುರಪುರಕ್ಕೆ ಹೋದವರು ಟೇಲರ್ ಮಂಜಿಲ್ ನೋಡಿರುತ್ತಾರೆ. ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಇಂಗ್ಲಿಷರ ಅಧಿಕಾರಿಯಾಗಿ ಅಲ್ಲಿಗೆ ಬಂದು, ಇನ್ನೂ ಬಾಲಕನಾಗಿದ್ದ ದೊರೆ ವೆಂಕಟಪ್ಪ ನಾಯಕನನ್ನು ಬೆಳೆಸಿ, 1853ರಲ್ಲಿ ರಾಜ್ಯ ಒಪ್ಪಿಸಿ ಹೋದ. ಹುಡುಗ ಅವನನ್ನು 'ಅಪ್ಪಾ' ಎನ್ನುತ್ತಿದ್ದ. ಐದು ವರ್ಷ ಕಳೆದು, 1858ರಲ್ಲಿ, ಬಂಡೆದ್ದು ಸೆರೆಸಿಕ್ಕ ದೊರೆಯನ್ನು ಅದೇ ಅಪ್ಪ ಸೆರೆಮನೆಗೆ ಹೋಗಿ ಮಾತಾಡಿಸಿದ. ಟೇಲರನ ಅಕ್ಕರೆ ಸುಳ್ಳೆಂದು ನಾನು ಹೇಳಲಾರೆ, ಆತ್ಮಕಥೆಯಲ್ಲಿ ಆ ಭಾಗ ಓದುವಾಗ ಗಂಟಲು ಕಟ್ಟುತ್ತದೆ. ಪಗಾರ ಮಾತ್ರ ಬೇರೆ ಕಡೆಯಿಂದ ಬರುತ್ತಿತ್ತು.

ನಮ್ಮೂರಲ್ಲಿ ಮಾತು ಕೇಳುವುದು ನಿಜವಾಗಿ ಪುಕ್ಕಟೆಯಾಗಿತ್ತೇ ಎಂದು ಆಮೇಲೆ ಯೋಚಿಸಿದೆ. ಕಣಿ ಹೇಳುವವಳಿಗೆ ಮೊರದ ತುಂಬ ಜೋಳ ಕೊಡುತ್ತಿದ್ದರು. ಮೈಲಾಪುರದ ಮಲ್ಲಯ್ಯನ ಮುಂದೆ, ಅಬ್ಬೆತುಮಕೂರಿನ ಮಠದಲ್ಲಿ ಮನಸ್ಸು ಬಿಚ್ಚಿಕೊಂಡವರು ಬರಿಗೈಲಿ ಹೋಗುತ್ತಿರಲಿಲ್ಲ. ಅವೆಲ್ಲ ಅಗ್ಗದ ವ್ಯವಹಾರಗಳೇ. ಎಲ್ಲಕ್ಕಿಂತ ತುಟ್ಟಿ ಬೀಳುವುದು ಬೀಗರ ಕಿವಿ. ಅತ್ತಿಗೆಯ ಮುಂದೆ ಒಂದು ಸಂಜೆ ಅತ್ತರೆ, ಆ ಅಳು ಹತ್ತು ವರ್ಷ ಬಡ್ಡಿ ಬೆಳೆದು, ಯಾರದೋ ಸೀಮಂತದಲ್ಲಿ, ಎಲ್ಲರೂ ಊಟಕ್ಕೆ ಕೂತಾಗ ವಸೂಲಾಗುತ್ತದೆ. ಸಾವಿರದ ಇನ್ನೂರು ಕೊಟ್ಟವನಿಗೆ ಆ ಮುಲಾಜಿಲ್ಲ. ಕೇಳಿದವರು ಸೀಮಂತಕ್ಕೆ ಬರುವುದಿಲ್ಲ.

ಆದರೆ ಕೊಡುವುದೇ ಒಂದು ಫಜೀತಿ. ಬೆಂಗಳೂರಿನಲ್ಲಿ ಬೆರಳು ಒತ್ತಿದರೆ ಮುಗಿಯಿತು. ಇಲ್ಲಿ ಬ್ಯಾಂಕಿನ ಖಾತೆಗೆ ಜೋಡಿಸಿದ ಫೋನ್ ಮನೆಗೊಂದು ಇರುತ್ತದೆ, ಅದು ಗಂಡಸರ ಜೇಬಿನಲ್ಲಿರುತ್ತದೆ. ಉಳಿದವರು ಕಿರಾಣಿ ಅಂಗಡಿಗೆ ನೋಟು ಒಯ್ದು ಕೊಟ್ಟು, ಅಲ್ಲಿನ ಹುಡುಗನ ಫೋನಿನಿಂದ ಹಾಕಿಸುತ್ತಾರೆ. ಗುಟ್ಟಾಗಿ ಒಂದು ಸೆಷನ್ ತಗೊಳ್ಳಬೇಕೆಂದಿದ್ದ ಸೊಸೆಯೊಬ್ಬಳು ಹೀಗೆ ನೋಟು ಹಿಡಿದು ನಿಂತಾಗ, ಹುಡುಗ ಪರದೆಯ ಮೇಲೆ ಬಂದ ಹೆಸರನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿ, "ಯಾರ್ರೀ ಅಕ್ಕಾ ಇವ್ರು? ಸೀರಿ ಅಂಗಡಿಯವ್ರೇನು?" ಎಂದನಂತೆ. ಅಕ್ಕ ಹೌದೆಂದು ತಲೆಯಾಡಿಸಿದಳು. ಸಂಜೆಯಿಂದ ಅತ್ತೆ ಸೀರೆಯ ದಾರಿ ಕಾಯುತ್ತಿದ್ದಾಳೆ.

ಕೂತು ಮಾತಾಡುವ ಜಾಗದ್ದೂ ಇದೇ ಗೋಳು. ನಮ್ಮ ಮನೆಗಳಲ್ಲಿ ಕದವಿರುವುದು ಹೊರಬಾಗಿಲಿಗೆ ಮತ್ತು ದೇವರ ಕೋಣೆಗೆ, ನಡುವಿನದೆಲ್ಲ ಪರದೆ. ನಮ್ಮ ಹುಡುಗ ಮಾಳಿಗೆ ಹತ್ತಿದ. ನೆಟ್‌ವರ್ಕ್ ಸಿಕ್ಕಿತು, ಜತೆಗೆ ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕಿದವರೂ ಸಿಕ್ಕರು. ಕೊನೆಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದ ಮಾವನ ಗಾಡಿಯೊಳಗೆ ಕೂತು, ಗಾಜು ಏರಿಸಿ, ಏಪ್ರಿಲ್ ಬಿಸಿಲಲ್ಲಿ ಐವತ್ತು ನಿಮಿಷ ಬೆಂದು, ಬೆವರು ಸುರಿಸುತ್ತ ಕೆಳಗಿಳಿದ. ಮುಖ ನೋಡಿದವರೆಲ್ಲ ಹುಡುಗಿ ಕೈಕೊಟ್ಟಳೆಂದು ಖಾತ್ರಿ ಮಾಡಿಕೊಂಡರು. ಮರುದಿನ ಎರಡು ಸಂಬಂಧಗಳು ಬಂದವು.

ರೊಕ್ಕವೇ ಇಲ್ಲದವರ ಪಾಡೇನು ಎಂಬುದು ನಮ್ಮ ಸೀಮೆಗೆ ಹೊಸ ಪ್ರಶ್ನೆಯಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮನೋರೋಗ ಗುರುತಿಸಲು ಕಲಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಅದೇ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಈ ವಿಷಯವಾಗಿ ಬರೆಯುತ್ತಲೇ ಬಂದವರು, ನಿವೃತ್ತಿಯ ಮೇಲೂ ಪುಕ್ಕಟೆ ಸಮಾಲೋಚನೆ ನಡೆಸಿದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೂ ಮೊದಲು ರಾಶಿ ಇದ್ದರು, ಡಾ. ಎಂ. ಶಿವರಾಂ. 1942ರಲ್ಲಿ 'ಕೊರವಂಜಿ' ಎಂಬ ನಗೆಪತ್ರಿಕೆ ತೆಗೆದ ವೈದ್ಯರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ನಗಿಸುವವರಿಗೂ ಮನಸ್ಸು ರಿಪೇರಿ ಮಾಡುವವರಿಗೂ ಒಂದೇ ಅಂಗಡಿ ಇದ್ದ ಕಾಲ.

ಈಗ 14416 ಇದೆ. ಟೆಲಿ ಮಾನಸ್ ಎಂದು ಹೆಸರು, 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಫಾರ್ಮಿಲ್ಲ, ಫೀಸಿಲ್ಲ. ಸಾದಾ ಫೋನಿದ್ದರೂ ಸಾಕು. ಈ ನಂಬರನ್ನು ಹುಡುಗನೇ ಮಾವನ ಫೋನಿನಲ್ಲಿ ಹಾಕಿಕೊಟ್ಟು ಹೋದ. ಅತ್ತೆ ತೀರಿಕೊಂಡ ಮೇಲೆ ಮಾವ ನಡುರಾತ್ರಿ ಎದ್ದು ಅಂಗಳದಲ್ಲಿ ಅಡ್ಡಾಡುವುದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದು ನಾವು ಮಾಡಿದ್ದು, ಹೊಲದ ಕೆಲಸದಲ್ಲಿ ಮನಸ್ಸು ತೊಡಗಿಸು ಎಂದು ಹೇಳಿದ್ದಷ್ಟೇ.

ಒಂದು ರಾತ್ರಿ ಮಾವ ಫೋನ್ ಮಾಡಿಯೇಬಿಟ್ಟ. ಮೊದಲು ಕೇಳಿದ್ದು "ಎಷ್ಟು ಆಗ್ತದ್ರೀ ಮೇಡಂ?" ಎಂದು. ಏನೂ ಇಲ್ಲ ಎಂದಾಗ ಅನುಮಾನ ಬಂದು ಇಟ್ಟುಬಿಟ್ಟ. ಸ್ವಲ್ಪ ಹೊತ್ತು ಅಡ್ಡಾಡಿ ಮತ್ತೆ ಮಾಡಿದ. ಹತ್ತಿಯ ರೇಟಿನಿಂದ ಶುರುವಾದ ಮಾತು ಎಲ್ಲಿಗೆ ಹೋಯಿತೋ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಯಾದಗಿರಿಯ ಸರ್ಕಾರಿ ದವಾಖಾನೆಗೂ ಒಮ್ಮೆ ಹೋಗಿ ಬರಲು ಆಕೆ ಹೇಳಿದ್ದಳು, ಹೋಗಿ ಬಂದ. ಈಗ ನಿದ್ದೆ ಪರವಾಗಿಲ್ಲವಂತೆ.

ಅವನಿಗೆ ಉಳಿದಿರುವ ತಕರಾರು ಒಂದೇ. ಆಕೆ ತನ್ನ ಊರು ಹೇಳಲಿಲ್ಲ. "ಮಾತಿನ ಮ್ಯಾಲ ನಮ್ಮ ಕಡ್ಯಾಕೀನೇ. ಶಹಾಪುರದಾಕಿ ಇಲ್ಲಾ ಸುರಪುರದಾಕಿ" ಎಂದು ಮದುವೆಗಳಲ್ಲಿ ವಿಚಾರಣೆ ನಡೆಸುತ್ತಿದ್ದಾನೆ. ಊರು ತಿಳಿದರೆ ಏನು ಮಾಡುತ್ತೀ ಎಂದೆ. ಈ ಸಲ ರಾಶಿ ಆದ ಮೇಲೆ ಹತ್ತು ಸೇರು ತೊಗರಿಬೇಳೆ ಕಳಿಸಬೇಕು ಎಂದ. ಹಾಗೆಲ್ಲ ಕೊಡಲು ಬರುವುದಿಲ್ಲ, ಅವರು ತಗೊಳ್ಳುವುದೂ ಇಲ್ಲ, ಮತ್ತೆ ಫೋನ್ ಮಾಡಿದರೆ ಅದೇ ಹೆಣ್ಣುಮಗಳು ಎತ್ತುತ್ತಾಳೆಂಬ ಖಾತ್ರಿಯೂ ಇಲ್ಲ ಎಂದು ವಿವರಿಸಿದೆ. ಮಾವ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ಇಪ್ಪತ್ತು ಸೇರು ಕಳಸ್ತೀನಿ, ಎಲ್ಲರೂ ಹಂಚ್ಕೊಳ್ಳಲಿ" ಎಂದ.