ಇಣಚಿ ಮಾಸ್ತರು

ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ "ಬರ್ರಿ, ಕುಂದರ್ರಿ" ಎನ್ನುತ್ತಾರೆ. ಎದುರು ಮನೆಯ ಮಾಸ್ತರು ಮಾತ್ರ "ಬರ್ರಿ, ಕುಂದರಬ್ಯಾಡ್ರೀ!" ಎಂದು ಚೀರುತ್ತಾರೆ. ಅರ್ಧ ಬಗ್ಗಿದ ನಾನು ಹಾಗೆಯೇ ನಿಲ್ಲುತ್ತೇನೆ. ಅವರು ಓಡಿಬಂದು ದಿಂಬೆತ್ತಿ, ಅದರ ಕೆಳಗಿನ ಹಳೆ ಸ್ವೆಟರು ಬಿಡಿಸಿ, ಸ್ವೆಟರಿನ ತೋಳಿನೊಳಗೆ ಕೈಹಾಕಿ, ಬೊಗಸೆಯಷ್ಟು ಬಾಲವನ್ನು ಹೊರತೆಗೆದು, "ಹಾಂ, ಈಗ ಕುಂದರ್ರಿ" ಎನ್ನುತ್ತಾರೆ. ಕುಳಿತ ಮೇಲೂ ಸಮಾಧಾನವಿಲ್ಲ. "ಇನ್ನೊಂದು ಎಲ್ಲಿ ಹೋತು?" ಎಂದು ನನ್ನ ಸೊಂಟದ ಕಡೆಗೇ ನೋಡುತ್ತಾರೆ. ಧಾರವಾಡದ ಕೆಲಗೇರಿಯಲ್ಲಿ ಮನೆ ಮಾಡಿ ಹನ್ನೊಂದು ವರ್ಷವಾಯಿತು. ಅವರ ಮನೆಯಲ್ಲಿ ಒಮ್ಮೆಯೂ ನಾನು ಪೂರ್ತಿ ಭಾರ ಬಿಟ್ಟು ಕುಳಿತವನಲ್ಲ.

ಬೆಂಗಳೂರಿನವರ ಅಳಿಲು ನಮ್ಮ ಕಡೆ ಇಣಚಿ. ನಾಯಿ ಸಾಕಿದವರಿಗೆ ಜಂಬ ಇರುತ್ತದೆ, ಬೆಕ್ಕು ಸಾಕಿದವರಿಗೆ ಸಹನೆ ಇರುತ್ತದೆ; ತಬ್ಬಲಿ ಇಣಚಿ ಮರಿ ಸಾಕುವವರಿಗೆ ಇರುವುದು ಬರೀ ನಿದ್ದೆಗೇಡು. ಊರೂರಿಗೆ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಗುರುತಿಸುವುದು ಕಷ್ಟವಿಲ್ಲ. ಅಂಗಿಯ ಕಿಸೆ ಉಬ್ಬಿರುತ್ತದೆ ಮತ್ತು ಅಲ್ಲಾಡುತ್ತಿರುತ್ತದೆ. ಮುಂಗೈ ತುಂಬ ಜಾಲಿಮುಳ್ಳು ಗೀರಿದಂಥ ಗೆರೆ. ಮದುವೆ ಊಟದಲ್ಲಿ ಪಾಯಸದೊಳಗಿನ ಗೋಡಂಬಿ ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಾರೆ. ಮೊಬೈಲು ತೆಗೆದು, ಹಸಿಶುಂಠಿಯ ತುಂಡಿನಂಥ ಕೆಂಪಗಿನ ಏನೋ ಒಂದನ್ನು ತೋರಿಸಿ, "ಹೆಂಗ ನಗ್ತದ ನೋಡ್ರಿ" ಎನ್ನುತ್ತಾರೆ. ನಾವೂ ನಗಬೇಕು. ಚಹಾದ ಬಟ್ಟಲು ತುಟಿಗೆ ತಾಗಿರುವ ಹೊತ್ತಿಗೇ ಮರಿಯ ಹೊಟ್ಟೆ ಸಡಿಲಾದ ಸಂಗತಿ, ಅದರ ಬಣ್ಣ, ಅದರ ಹದ ಎಲ್ಲವನ್ನೂ ಹೇಳುತ್ತಾರೆ.

ಮಾಸ್ತರಿಗೆ ಈ ರೋಗ ಹತ್ತಿದ್ದು ಪಠ್ಯಪುಸ್ತಕದಿಂದ. ಅವರು ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು. ನಮ್ಮ ಎಸ್ಸೆಸ್ಸೆಲ್ಸಿ ಹುಡುಗರಿಗೆ ಮೂರನೇ ಭಾಷೆಯಲ್ಲಿ ಮಹಾದೇವಿ ವರ್ಮಾ ಅವರ 'ಗಿಲ್ಲೂ' ಪಾಠವಿದೆಯಲ್ಲ, ಕಾಗೆ ಕುಕ್ಕಿದ ಮರಿಯನ್ನು ಲೇಖಕಿ ಒಳಗೆ ತಂದು, ಗಾಯಕ್ಕೆ ಪೆನ್ಸಿಲಿನ್ ಮುಲಾಮು ಹಚ್ಚಿ, ಹತ್ತಿಯ ಬತ್ತಿಯಲ್ಲಿ ಹಾಲು ಕುಡಿಸಲು ನೋಡಿ, ಅಂತೂ ಬದುಕಿಸುವುದು? ಗಿಲ್ಲೂವಿನ ಪ್ರಿಯ ತಿನಿಸು ಯಾವುದು, ಒಂದು ಅಂಕ: ಕಾಜೂ. ಹಿಂದಿಯಲ್ಲಿ ಬೇರೇನೂ ಬಾರದ ಹುಡುಗನೂ ಇದೊಂದನ್ನು ಬರೆದು ಬರುತ್ತಿದ್ದ. ಅದನ್ನು ಕಲಿಸಿ ಕಲಿಸಿ ಮಾಸ್ತರಿಗೆ, ತಾನೂ ಒಂದು ಗಿಲ್ಲೂ ಸಾಕಬಲ್ಲೆ ಎಂಬ ನಂಬಿಕೆ ಬಲಿತುಬಿಟ್ಟಿತ್ತು.

ಅವಕಾಶವೂ ಬಂತು. ಕೆಲಗೇರಿ ಎಂದರೆ ಆಪೂಸಿನ ತೋಟಗಳು. ಈಗ ತೋಟಕ್ಕೆ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು ಲೇಔಟು ಮಾಡುತ್ತಿದ್ದಾರೆ. ಉಳಿದ ಮರಗಳನ್ನು ಮೇ ತಿಂಗಳ ಅಡ್ಡಮಳೆ ನೋಡಿಕೊಳ್ಳುತ್ತದೆ. ಒಂದು ಸಂಜೆ ಗಾಳಿಗೆ ಮಾವಿನ ಟೊಂಗೆ ಮುರಿದು, ತೆಂಗಿನ ನಾರು, ಚಿಂದಿ, ಯಾರದೋ ಜನಿವಾರದ ತುಂಡು ಸೇರಿಸಿ ಕಟ್ಟಿದ ಗೂಡು ಮಾಸ್ತರ ಅಂಗಳಕ್ಕೆ ಬಿತ್ತು. ಒಳಗೊಂದು ಕಣ್ಣು ತೆರೆಯದ ಮರಿ. ಮಾಸ್ತರು ಅದಕ್ಕೆ ಗಿಲ್ಲೂ ಎಂದು ಹೆಸರಿಟ್ಟು, ಪಾಠದಲ್ಲಿದ್ದ ಹಾಗೆಯೇ ಹತ್ತಿಯ ಬತ್ತಿ ಹೊಸೆದು, ಆಕಳ ಹಾಲಿನಲ್ಲಿ ಅದ್ದಿ ಕುಡಿಸಿದರು. ಮೂರನೆಯ ದಿನ ಅದು ಹೋಯಿತು.

"ಪಾಠದಾಗ ಬದುಕಿತ್ತಲ್ರೀ," ಎಂದರು ನನ್ನ ಮುಂದೆ. ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಆಮೇಲೆ ಪಶುವೈದ್ಯರೊಬ್ಬರು ಅವರಿಗೆ ತಿಳಿಸಿ ಹೇಳಿದರಂತೆ. ಮರಿ ಸಿಕ್ಕ ಕೂಡಲೇ ಹಾಲಲ್ಲ, ಮೊದಲು ಮೈ ಬೆಚ್ಚಗಾಗಬೇಕು. ತಣ್ಣಗಿರುವ ಮರಿಗೆ ಏನು ಕುಡಿಸಿದರೂ ಅರಗುವುದಿಲ್ಲ. ಆಕಳ ಹಾಲು ಇವಕ್ಕೆ ಒಗ್ಗದೆ ಭೇದಿಯಾಗಿ ನೀರಿನಂಶವೆಲ್ಲ ಹೋಗುತ್ತದೆ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಪುಪ್ಪುಸಕ್ಕೆ ಇಳಿಯುತ್ತದೆ. ಅಂದಿನಿಂದ ಮಾಸ್ತರ ಮನೆಗೆ ಆಡಿನ ಹಾಲು ಬರತೊಡಗಿತು. ಓಣಿಗೆಲ್ಲ ಆಕಳ ಹಾಲು ಹಾಕುವವನಿಗೆ ಇದರಿಂದ ತೀರ ಅವಮಾನವಾಯಿತು. "ನಮ್ಮ ಹಾಲಿನಿಂದ ಹೆಂಗ್ರಿ ಸಾಯ್ತೈತಿ? ಅದರಾಗ ಹಾಲರೆ ಎಷ್ಟಿರತೈತಿ?" ಎಂದು ಎಲ್ಲರ ಬಾಗಿಲಲ್ಲೂ ಕೇಳಿದ.

ಎರಡನೆಯ ಮರಿ ಬಂದಾಗ ದಿನಾ ತೂಕ ನೋಡಬೇಕೆಂಬ ಹುಚ್ಚು ಹಿಡಿಯಿತು. ಮನೆಯ ತಕ್ಕಡಿಯಲ್ಲಿ ಅಷ್ಟು ಸಣ್ಣ ತೂಕ ಮೂಡದು. ಹೀಗಾಗಿ ಮಾಸ್ತರು ಪತ್ತಾರರ ಅಂಗಡಿಗೆ ನಿತ್ಯ ಹೋಗಿ ಬರತೊಡಗಿದರು. ಸುದ್ದಿ ಓಣಿಗೆ ಹಬ್ಬಿತು. ಒಂದು ದಿನ ಅವರು ಗೇಟಿನಿಂದಲೇ "ಎರಡು ತೊಲಿ ಆತು!" ಎಂದು ಕೂಗುತ್ತ ಬಂದಾಗ, ಮೂವತ್ತೈದು ವರ್ಷದಿಂದ ಬಂಗಾರದ ಪಾಟ್ಲಿಗಾಗಿ ಕಾದಿದ್ದ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಕೈ ಒರೆಸಿಕೊಳ್ಳುತ್ತ ಹೊರಗೆ ಓಡಿಬಂದರು. ಮಾಸ್ತರು ಕಿಸೆಯಿಂದ ತೆಗೆದದ್ದು ಅವರ ಸೆರಗು ಹತ್ತಿ ಹೆಗಲ ಮೇಲೆ ಕುಳಿತಿತು. ಕಾಕು ಆ ರಾತ್ರಿ ಅಡಿಗೆ ಮಾಡಲಿಲ್ಲ. ಅವರಿಗೆ ನಮ್ಮ ಮನೆಯಲ್ಲೇ ಜೋಳದ ರೊಟ್ಟಿ ಆಯಿತು. ಮಾಸ್ತರಿಗೆ ಆಡಿನ ಹಾಲು ಉಳಿದಿತ್ತು.

ಇದೆಲ್ಲ ಅವರ ಮನೆಯೊಳಗಿನ ಮಾತು. ನನ್ನ ಹೊಟ್ಟೆಯುರಿ ಬೇರೆಯೇ ಇದೆ. ಹೋದ ವರ್ಷ ಬಸವ ಜಯಂತಿಯ ಆಸುಪಾಸಿನಲ್ಲಿ ಕಾಕು ತವರಿನ ಕಡೆ ಗದಗಿನಲ್ಲೊಂದು ಮದುವೆ. "ಎರಡು ದಿನರೀ ಸಾಹೇಬ್ರ, ಎರಡೇ ದಿನ," ಎಂದು ಮಾಸ್ತರು ಬೂಟಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಒಳಗೆ ಕೌದಿಯ ತುಂಡು, ಧೋತರದಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ, ಅದಕ್ಕೆ ಒರಗಿ ಎರಡು ಮರಿ. ಜೊತೆಗೆ ಶಾಯಿ ತುಂಬುವ ಫಿಲ್ಲರು ಮತ್ತು ಪ್ರಶ್ನೆಪತ್ರಿಕೆಯ ಹಾಗೆ ಅಂಕಿ ಹಾಕಿದ ಸೂಚನೆಗಳು. ಮೂರು ತಾಸಿಗೊಮ್ಮೆ ಹಾಲು, ಹಗಲಿರುಳು ಸೇರಿ ಎಂಟು ಸಲ. ಪ್ರತಿ ಸಲ ಹತ್ತಿ ತೋಯಿಸಿ ಹೊಟ್ಟೆಯ ಕೆಳಗೆ ಸವರಬೇಕು. ತಾಯಿ ನೆಕ್ಕುವುದರ ಬದಲಿಗೆ ಇದು. ಸವರದಿದ್ದರೆ ಎಳೆ ಮರಿಗೆ ತಾನಾಗಿ ಉಚ್ಚೆ ಹೋಗುವುದಕ್ಕೆ ಬರುವುದಿಲ್ಲ. ಈ ಸೂಚನೆಯ ಕೆಳಗೆ ಎರಡು ಗೆರೆ ಎಳೆದಿದ್ದರು.

ಮೂರು ತಾಸಿಗೊಮ್ಮೆ ಎಂದ ಮೇಲೆ ಡಬ್ಬಿ ನನ್ನೊಂದಿಗೆ ಆಫೀಸಿಗೂ ಬಂತು. ಮಧ್ಯಾಹ್ನ ಸಾಹೇಬರ ಮೀಟಿಂಗು. ಡಬ್ಬಿ ಕುರ್ಚಿಯ ಕೆಳಗೆ. ಫೋನು ನಡುಗಿತು, ಕಟ್ ಮಾಡಲು ಹೋಗಿ ಸ್ಪೀಕರ್ ಒತ್ತಿದೆ.

"ಸಾಹೇಬ್ರ, ಒಂದಕ್ಕ ಆತೇನ್ರಿ?"

ಹಿಂದಿನಿಂದ ಗದಗಿನ ವಾಲಗ. ಮುಂದೆ ಹನ್ನೆರಡು ಜನ ಸಹೋದ್ಯೋಗಿಗಳು. "ಆತ್ರಿ," ಎಂದೆ ಹಲ್ಲು ಕಚ್ಚಿ.

"ಇಬ್ಬರದೂ?"

"ಒಬ್ಬರದು."

"ಮತ್ತ ಹತ್ತಿ ತೋಯಿಸಿ ಮೆಲ್ಲಕ ಸವರ್ರಿ. ನಾಚಬ್ಯಾಡ್ರಿ, ತಾನ ಬರತದ!"

ಫೋನು ಇಟ್ಟೆ. ಯಾರೂ ಏನೂ ಕೇಳಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಮೀಟಿಂಗು ಮುಗಿದ ಮೇಲೆ ಸಾಹೇಬರು ನನ್ನನ್ನು ಒಂದು ಬದಿಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, "ನಮ್ಮ ತಂದೀಗೂ ಹಿಂಗ ಆಗಿತ್ತು. ವಯಸ್ಸಾದ ಮ್ಯಾಲೆ ಆಗತದ. ಡಾಕ್ಟರಿಗೆ ತೋರಸ್ರಿ," ಎಂದರು. ಬಿಡಿಸಿ ಹೇಳಲು ಹೋದರೆ ಇನ್ನೂ ಕೆಡುತ್ತದೆಂದು ಸುಮ್ಮನಾದೆ. ಈಗಲೂ ಮೀಟಿಂಗಿನಲ್ಲಿ ನನ್ನ ಕುರ್ಚಿ ಬಾಗಿಲ ಹತ್ತಿರವೇ ಇರುತ್ತದೆ.

ರಾತ್ರಿ ಮೂರರ ಪಾಳಿಯದು ಬೇರೆ ಕಥೆ. ಹೆಂಡತಿ, "ನಿಮ್ಮ ಮಾಸ್ತರ, ನಿಮ್ಮ ಇಣಚಿ," ಎಂದು ಆಚೆ ಹೊರಳಿದಳು. ನಾನು ಅಡಿಗೆಮನೆಯ ದೀಪ ಹಚ್ಚಿ, ಹಾಲು ಉಗುರುಬೆಚ್ಚಗೆ ಮಾಡಿ, ಮರಿಯನ್ನು ಬೋರಲಾಗಿ ಅಂಗೈಯಲ್ಲಿ ಹಿಡಿದೆ. ಅದು ಎರಡೂ ಕೈಯಿಂದ ಫಿಲ್ಲರಿನ ತುದಿ ಹಿಡಿಯಿತು. ಬೆರಳುಗಳೆಂದರೆ ಸಣ್ಣ ಜೀರಿಗೆಯಷ್ಟು, ಅದರಲ್ಲೂ ಉಗುರು. ನಾಲ್ಕು ಹನಿ ಕುಡಿದು, ಐದನೆಯದಕ್ಕೆ ಬಾಯಿ ತೆರೆದು, ತೆರೆದ ಹಾಗೆಯೇ ನಿದ್ದೆ ಹೋಯಿತು. ಹೊಟ್ಟೆ ಕಡಬಿನಂತೆ ಬಿಗಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ನಾನು ಏನೋ ಗುನುಗುತ್ತ ನಿಂತಿದ್ದೇನೆ. ಮಗಳು ಸಣ್ಣವಳಿದ್ದಾಗ ಹೀಗೆ ರಾತ್ರಿ ಎದ್ದ ನೆನಪು ನನಗಿಲ್ಲ. ಎದ್ದಿದ್ದೆನೇ ಎಂದು ಹೆಂಡತಿಯನ್ನು ಕೇಳುವ ಧೈರ್ಯವೂ ಇಲ್ಲ.

ಮುಂಜಾನೆ ಕೆಲಗೇರಿ ಕೆರೆಯ ದಂಡೆಯಲ್ಲಿ ತಿರುಗಾಡುವ ಹಿರಿಯರ ಗುಂಪೊಂದಿದೆ. ವಿಶ್ವೇಶ್ವರಯ್ಯನವರ ಕೆರೆ ಎಂದು ನಾವೆಲ್ಲ ಜಂಬಪಡುವ ಆ ನೀರಿನ ಮುಂದೆ ನಿವೃತ್ತ ವಕೀಲರೊಬ್ಬರು ಮಾಸ್ತರನ್ನು ಹಿಡಿದು ನಿಲ್ಲಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಳೆಯ ನಾಲ್ಕನೇ ಅನುಸೂಚಿಯಲ್ಲಿ ಐದು ಪಟ್ಟೆಯ ಅಳಿಲಿನ ಹೆಸರಿತ್ತು, ನಿಮ್ಮದಕ್ಕೆ ಎಷ್ಟು ಪಟ್ಟೆ ಎಂದು ಪಾಟೀಸವಾಲು. ಮಾಸ್ತರು ಸ್ವಲ್ಪವೂ ಅಳುಕಲಿಲ್ಲ. "ದಕ್ಷಿಣದ್ದಕ್ಕ ಮೂರು, ಉತ್ತರದ್ದಕ್ಕ ಐದು. ನಮ್ಮ ಧಾರವಾಡ ನಡುವಿನ ಊರು, ನಾಕ ಇರಬೇಕ್ರಿ." ಸೇತುವೆ ಕಟ್ಟುವಾಗ ರಾಮ ಮೂರೇ ಬೆರಳಿನಿಂದ ಸವರಿದ್ದಲ್ಲವೇ ಎಂದು ಇನ್ನೊಬ್ಬರು ಕೇಳಿದರೆ, "ಆ ಕಡೆ ಪೂರ್ತಿ ಕೈ ಎಳದಿರಬೇಕು," ಎಂದರು. ಹಾಗೆಂದು ಕಾಯ್ದೆಯನ್ನು ಅವರು ಹಗುರಾಗಿ ತೆಗೆದುಕೊಂಡವರಲ್ಲ. ಕಾಡುಜೀವವನ್ನು ಪಂಜರದಲ್ಲಿಟ್ಟು ಆಡಿಸುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ಮರಿ ಬಿದ್ದಿದೆ ಎಂದು ಯಾರಾದರೂ ಕರೆದರೆ ಮೊದಲು, "ಡಬ್ಬಿಯೊಳಗ ಬೆಚ್ಚಗ ಹಾಕಿ ಅದ ಗಿಡದ ಬುಡಕ ಇಟ್ಟು ದೂರ ನಿಲ್ರಿ, ತಾಯಿ ಬಂದು ಬಾಯಾಗ ಕಚಗೊಂಡು ಒಯ್ತದ," ಎಂದೇ ಹೇಳುತ್ತಾರೆ. ತಾಯಿ ಬಾರದಿದ್ದರೆ ಮಾತ್ರ ಕಿಸೆ ಉಬ್ಬುತ್ತದೆ.

ಅವರ ಬಳಿ ಒಂದು ಹಾಜರಿ ಪುಸ್ತಕವಿದೆ, ಶಾಲೆಯದೇ ನಮೂನೆ. ಹೆಸರಿನ ಅಂಕಣದಲ್ಲಿ ಗಿಲ್ಲೂ 1ರಿಂದ ಗಿಲ್ಲೂ 19ರವರೆಗೆ. ಸಿಕ್ಕ ದಿನ, ಕಣ್ಣು ತೆರೆದ ದಿನ, ಮೊದಲ ಸಲ ಶೇಂಗಾ ಸಿಪ್ಪೆ ಬಿಡಿಸಿದ ದಿನ, ಪೇರಲ ಗಿಡಕ್ಕೆ ಬಿಟ್ಟ ದಿನ. ಕೊನೆಗೆ ಷರಾ. ಕರೆದರೆ ಕೈಗೆ ಬರುವ ಇಣಚಿಗೆ ಅವರು ನಪಾಸು ಹಾಕುತ್ತಾರೆ, ಬೆಕ್ಕಿನ ಬಾಯಿಗೆ ಬೀಳುವುದು ಅದೇ ಎಂದು. ಮನುಷ್ಯರನ್ನು ಕಂಡು ಓಡಿದರೆ ಉತ್ತೀರ್ಣ. ಹನ್ನೊಂದು ಉತ್ತೀರ್ಣವಾಗಿವೆ. ಅವರು ಒಳಗೆ ಚಹಾ ತರಲು ಹೋದಾಗ ನಾನು ಮೊದಲ ಸಾಲು ನೋಡಿದೆ. ಗಿಲ್ಲೂ 1, ಮೂರು ದಿನ. ಷರಾದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಕಾರಣ, ಶಿಕ್ಷಕ." ಪುಸ್ತಕ ಮುಚ್ಚಿ ಇದ್ದಲ್ಲೇ ಇಟ್ಟೆ. ಅವತ್ತು ನಕ್ಕದ್ದಕ್ಕೆ ಕ್ಷಮೆ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಚಹಾ ತಂದರು, ಬಣ್ಣ ಮತ್ತು ಹದದ ವಿಷಯ ಶುರುವಾಯಿತು, ಉಳಿದುಹೋಯಿತು.

ನಾನು ರಾತ್ರಿ ಮೂರಕ್ಕೆ ಹಾಲು ಕುಡಿಸಿದ್ದು ಗಿಲ್ಲೂ 18. ಎಡಗಿವಿಯಲ್ಲಿ ಸಣ್ಣ ಹರಕು, ಬಾಲದ ತುದಿ ಡೊಂಕು. ಈ ಶಿವರಾತ್ರಿ ಮುಗಿದ ವಾರ ನನಗೆ ಜ್ವರ ಬಂದು ಎಂಟು ದಿನ ಮಲಗಿದ್ದೆ. ಎದ್ದು ಆಫೀಸಿಗೆ ಹೊರಟರೆ, ಸ್ಕೂಟರಿನ ಹ್ಯಾಂಡಲಿಗೆ ತೂಗುಹಾಕಿದ್ದ ಹೆಲ್ಮೆಟ್ಟಿನ ತುಂಬ ತೆಂಗಿನ ನಾರು, ಮಾಸ್ತರ ಸ್ವೆಟರಿನ ಉಣ್ಣೆ. ಕೈಹಾಕಬೇಕು ಎನ್ನುವಷ್ಟರಲ್ಲಿ ಡೊಂಕು ಬಾಲವೊಂದು ಕನ್ನಡಿಯ ಮೇಲೆ ನೆಗೆದು ನಿಂತು ಚಿರ್ ಚಿರ್ ಎಂದು ನನ್ನ ಮೂರು ತಲೆಮಾರನ್ನು ಬೈಯಿತು. ನಾನು ಗುನುಗಿದ್ದು, ಹತ್ತಿ ಸವರಿದ್ದು, ಆಫೀಸಿನಲ್ಲಿ ಮಾನ ಕಳೆದುಕೊಂಡದ್ದು ಯಾವುದರ ನೆನಪೂ ಅದಕ್ಕಿರಲಿಲ್ಲ.

ಮಾಸ್ತರಿಗೆ ಹೇಳಿದೆ. "ನಿಮ್ಮ ಗುರುತಽ ಹಿಡೀಲಿಲ್ಲಾ?"

"ಇಲ್ರಿ. ಕಚ್ಚಾಕ ಬಂತು."

"ಡಿಸ್ಟಿಂಕ್ಷನ್!" ಎಂದು ಹಾಜರಿ ಪುಸ್ತಕ ತರಲು ಓಡಿದರು. ಬಾಗಿಲಿನಿಂದಲೇ ತಿರುಗಿ, "ಸ್ಕೂಟರ್ ಅಳ್ಳಾಡಸಬ್ಯಾಡ್ರಿ ಮತ್ತ, ಬಾಣಂತಿ ಆಕಿ!" ಎಂದರು.

ಹೆಲ್ಮೆಟ್ಟಿನೊಳಗೆ ಮೂರು ಮರಿಗಳಿವೆ. ಹಾಲು ಬಿಡಲು ಹತ್ತು ವಾರ ಬೇಕು, ಅದರಲ್ಲಿ ಎರಡು ಕಳೆದಿವೆ. ದಿನಾ ಮುಂಜಾನೆ ಒಂಬತ್ತೂವರೆಗೆ ನಾನು ಕೆರೆಯ ಹತ್ತಿರ ರಸ್ತೆಯ ಬದಿಗೆ ನಿಂತಿರುತ್ತೇನೆ. ಧಾರವಾಡದ ಪೇಟೆ ಕಡೆ ಹೊರಟ ಕಾರಿನವರು ಯಾರಾದರೂ ಇದನ್ನು ಓದಿದ್ದರೆ, ದಯವಿಟ್ಟು ಒಂದು ಸೀಟು ಕೊಡಿ. ಕಿಸೆ ಖಾಲಿ ಇದೆ, ಬೇಕಾದರೆ ಮುಟ್ಟಿ ನೋಡಬಹುದು.