ನೂರಕ್ಕೆ ನೂರು ಮುಗಿದ ತರಬೇತಿ

ಶಿಕ್ಷಕರ ತರಬೇತಿ ಎಂದರೆ ಮೊದಲು ಊಟ ಇರುತ್ತಿತ್ತು, ಈಗ ಲಿಂಕ್ ಇರುತ್ತದೆ. ಹಿಂದೆ ಹಳ್ಳಿಗಳಿಂದ ಸವಣೂರಿಗೆ ಬಂದ ಮಾಸ್ತರರು, ಅಕ್ಕೋರು ಬೆಂಚಿನ ಮೇಲೆ ಕೂತು ಆಕಳಿಸಿ, ಮಧ್ಯಾಹ್ನ ಉಂಡು, ಸಂಜೆ ಭತ್ಯೆಯ ಬಿಲ್ಲಿಗೆ ಸಹಿ ಹಾಕಿ, ಒಂದು ಪೊಟ್ಟಣ ಸವಣೂರು ಖಾರ ಕಟ್ಟಿಸಿಕೊಂಡು ಬಸ್ ಹತ್ತುತ್ತಿದ್ದರು. ಕಲಿತದ್ದೇನು ಎಂಬುದು ಬೇರೆ ಮಾತು, ಖಾರವಂತೂ ಮನೆ ಮುಟ್ಟುತ್ತಿತ್ತು.

ಸರಕಾರಕ್ಕೆ ದೂರದಿಂದಲೇ ಪಾಠ ಕಲಿಸುವ ಈ ಹುಚ್ಚು ನಿನ್ನೆ ಮೊನ್ನೆಯದಲ್ಲ. 2004ರಲ್ಲಿ ಎಜುಸ್ಯಾಟ್ ಎಂಬ ಉಪಗ್ರಹವನ್ನೇ ಹಾರಿಸಿ, ಚಾಮರಾಜನಗರದ ಶಾಲೆಗಳಿಗೆ ಆಕಾಶದಿಂದ ಪಾಠ ಇಳಿಸಿದ್ದಾಯಿತು. 2017ರಲ್ಲಿ ದೀಕ್ಷಾ ಎಂಬ ಕಲಿಕೆಯ ಜಾಲತಾಣ ಬಂತು, 2019ರಲ್ಲಿ ನಿಷ್ಠಾ ಎಂಬ ಶಿಕ್ಷಕರ ತರಬೇತಿ. ಮರುವರ್ಷ ಕೊರೊನಾ ಬಂದದ್ದೇ ತಡ, ನಿಷ್ಠಾ ಕೂಡ 18 ಮಾಡ್ಯೂಲುಗಳ ಸಮೇತ ಮೊಬೈಲಿನೊಳಗೆ ಹೊಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸರಕಾರಿ ನೌಕರರ ತರಬೇತಿಗಾಗಿ ಮಿಷನ್ ಕರ್ಮಯೋಗಿಗೆ ಕೇಂದ್ರ ಸಂಪುಟದ ಒಪ್ಪಿಗೆಯೂ ಸಿಕ್ಕಿತು. ಹೆಸರು ಕೇಳಿದರೆ ತರಬೇತಿಯೋ ಮಠದ ಪಟ್ಟಾಧಿಕಾರವೋ ಗೊತ್ತಾಗುವುದಿಲ್ಲ.

ಈಗ ಮಾಸ್ತರರ ಮೊಬೈಲು ಕಿಟಕಿಯಲ್ಲಿ ಚಾರ್ಜಿಗಿದೆ. ಅದರೊಳಗೆ ಯಾರೋ ವಿದ್ವಾಂಸರು ಮಗುವನ್ನು ಕೇಂದ್ರವಾಗಿಟ್ಟುಕೊಂಡ ಕಲಿಕೆಯ ಬಗ್ಗೆ ಮಾತಾಡುತ್ತಿದ್ದಾರೆ. ಮಾಸ್ತರರು ಹೊರಗೆ ಬಿಸಿಯೂಟದ ತಟ್ಟೆ ಎಣಿಸುತ್ತಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ನಿಜವಾದ ತರಬೇತಿ ನಡೆದಿದೆ:

“ಸರ್ರ, ಆರನೇ ಮಾಡ್ಯೂಲಿಂದು ಉತ್ತರ ಹಾಕ್ರಿ.”

“ಅಕ್ಕೋರ, ನಿನ್ನೇನ ಹಾಕೇನಲ್ರೀ, ಮ್ಯಾಲ ಸರಿಸಿ ನೋಡ್ರಿ.”

“ವಿಡಿಯೋ ನೋಡಬೇಕೇನ್ರಿ?”

“ಹಚ್ಚಿ ಇಡ್ರಿ, ತಾನ ಮುಗೀತೈತಿ.”

ಉತ್ತರ ಬೇಡುವುದೂ ಅಷ್ಟು ಅಗತ್ಯವೇನಲ್ಲ. ಮಗು ಪ್ರಶ್ನೆ ಕೇಳಿದರೆ ಏನು ಮಾಡುತ್ತೀರಿ? ಗದರಿಸುತ್ತೇನೆ, ಹೊರಗೆ ಕಳಿಸುತ್ತೇನೆ, ಕೇಳಿಸದಂತೆ ಇರುತ್ತೇನೆ, ಪ್ರೋತ್ಸಾಹಿಸುತ್ತೇನೆ. ಈ ಜಾತಿಯ ಪ್ರಶ್ನೆಗೆ ತಪ್ಪು ಉತ್ತರ ಕೊಡಲು ವಿಶೇಷ ಪ್ರತಿಭೆ ಬೇಕು. ಅದೂ ಸಾಲದೆಂದು ಶೇ. 70 ಅಂಕ ಪಡೆಯಲು ಮೂರು ಅವಕಾಶ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕಾಪಿ ಹೊಡೆಯಬಾರದೆಂದು ಬುದ್ಧಿ ಹೇಳುವವರೂ ಇವರೇ.

ಇದಕ್ಕೆ ಸವಣೂರಿನವರನ್ನು ಮಾತ್ರ ದೂರಬೇಡಿ. ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಹುಟ್ಟಿ, ದೊಡ್ಡ ದೊಡ್ಡ ಕಂಪನಿಗಳ ತರಬೇತಿಯನ್ನೆಲ್ಲ ಆವರಿಸಿದ ಸ್ಕಾರ್ಮ್ ಎಂಬ ಮಾನದಂಡವಿದೆ. ಪಾಠ ತೆರೆಯಿತೇ, ಮುಗಿಯಿತೇ, ಎಷ್ಟು ಹೊತ್ತಾಯಿತು, ಎಷ್ಟು ಅಂಕ ಬಂತು ಎಂದೆಲ್ಲ ಅದು ಬರೆದಿಟ್ಟುಕೊಳ್ಳುತ್ತದೆ. ತಲೆಗೆ ಹೋಯಿತೇ ಎಂಬ ಕಲಮು ಅದರಲ್ಲಿಲ್ಲ. ಬೆಂಗಳೂರಿನ ಐಟಿ ಹುಡುಗರೂ ಸೈಬರ್ ಸುರಕ್ಷತೆಯ ಪಾಠವನ್ನು ‘ನೆಕ್ಸ್ಟ್’ ಒತ್ತಿ ಒತ್ತಿಯೇ ಮುಗಿಸುತ್ತಾರೆ. ನಮ್ಮ ಮಾಸ್ತರರಿಗಿಂತ ಅವರ ಇಂಟರ್ನೆಟ್ ಚುರುಕು, ಅಷ್ಟೇ ವ್ಯತ್ಯಾಸ.

ಇ-ಕಲಿಕೆ ಉಪಯೋಗಕ್ಕೆ ಬಾರದ್ದೇನಲ್ಲ. ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮಗುವಿನ ತೂಕ ಎಲ್ಲಿ ತುಂಬಬೇಕೆಂದು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಲು ಐದು ನಿಮಿಷದ ವಿಡಿಯೋ ಸಾಕು. ಮರೆತರೆ ಹತ್ತು ಸಲ ನೋಡಬಹುದು, ವಿಡಿಯೋ ಸಿಟ್ಟಾಗುವುದಿಲ್ಲ. ಆದರೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು, ಅಳುವವನನ್ನು ಸಮಾಧಾನಪಡಿಸುತ್ತ, ಕಾಗುಣಿತ ಕಲಿಸುವ ವಿದ್ಯೆ ಪರದೆಯಿಂದ ಬರುವಂಥದ್ದಲ್ಲ. ನಮ್ಮಲ್ಲಿ ಅದು ಬಂದದ್ದು ಬೇರೆ ದಾರಿಯಿಂದ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ತರಗತಿ ನಡೆಯುವುದನ್ನು ಕಣ್ಣಾರೆ ಕಂಡು, ಬಂದು ತಮ್ಮ ಕೈಯಾರೆ ಕಲಿಕೆಯ ಕಾರ್ಡು ತಯಾರಿಸಿದರು. ನಲಿ-ಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿದ್ದು ಹಾಗೆ. ಆಗ ಅವರಿಗೆ ಯಾವ ಆ್ಯಪೂ ‘ಅಭಿನಂದನೆಗಳು’ ಎಂದು ಬಣ್ಣದ ಕಾಗದ ಉದುರಿಸಲಿಲ್ಲ.

ಕೋರ್ಸು ತಯಾರಿಸುವ ದೊಡ್ಡವರಲ್ಲಿ ಒಂದು ವಿನಂತಿ. ಮುಂದಿನ ಮಾಡ್ಯೂಲಿನ ಕೊನೆಗೆ ಒಂದೇ ಒಂದು ಪ್ರಶ್ನೆ ಇಡಿ: ಇದನ್ನು ಕಲಿತ ಮೇಲೆ ನಿಮ್ಮ ತರಗತಿಯಲ್ಲಿ ಏನು ಬದಲಾಯಿತು? ದಯವಿಟ್ಟು ನಾಲ್ಕು ಆಯ್ಕೆ ಕೊಡಬೇಡಿ. ಬಂದ ಉತ್ತರಗಳನ್ನು ನೀವೂ ಓದಿ, ಹಚ್ಚಿ ಇಟ್ಟು ಊಟಕ್ಕೆ ಹೋಗಬೇಡಿ.