ಬಲೂನು ಬಂದೂಕಿನ ದೃಷ್ಟಿದೋಷ ಮೀಮಾಂಸೆ: ಕೆಸರೆ ಸಂಪ್ರದಾಯದ ಒಂದು ಅಧ್ಯಯನ

ಶಿಕಾರಿ ಕೋವಿಯ ಮೇಲೆ ದುರ್ಬೀನು ಕೂರಿಸುವ ವಿದ್ಯೆಗೆ ಕನ್ನಡದಲ್ಲಿ ಒಂದು ಶಾಸ್ತ್ರಗ್ರಂಥ ಏಕೆ ಹುಟ್ಟಲಿಲ್ಲ ಎಂಬ ಪ್ರಶ್ನೆಗೆ ವಿದ್ವಾಂಸರು ಈವರೆಗೆ ಉತ್ತರಿಸಿಲ್ಲ. ಯಾರೂ ಕೇಳಿಲ್ಲ ಎನ್ನುವುದು ಬೇರೆ ಮಾತು. ಮೈಸೂರು ಸೀಮೆಗೆ ಇದಕ್ಕೆ ಬೇಕಾದ ಯೋಗ್ಯತೆ ಇತ್ತು. ಮಹಾರಾಜರು ಶಿಕಾರಿಗೆ ಹೋಗುತ್ತಿದ್ದರು. ಬಿದ್ದ ಹುಲಿಯ ಚರ್ಮಕ್ಕೆ ಮತ್ತೆ ಹುಲಿಯ ಆಕಾರ ಕೊಡಲು ಮೈಸೂರಿನಲ್ಲೇ ವ್ಯಾನ್ ಇಂಗೆನ್ ಕಾರ್ಖಾನೆ ಇತ್ತು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ತಮ್ಮ .405 ವಿಂಚೆಸ್ಟರ್ ಹೊತ್ತು ಈ ಸೀಮೆಯ ಕಾಡುಗಳಲ್ಲೂ ಅಲೆದರು. ಆದರೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿ ನಿಂತಿತು. ಹುಲಿಗಳಿಗೆ ಒಳ್ಳೆಯದಾಯಿತು, ಸಂಶೋಧಕರ ಪಾಲಿಗೆ ಆಕರ ಸಾಮಗ್ರಿಯೇ ಬತ್ತಿಹೋಯಿತು.

ಆದ್ದರಿಂದ ಪ್ರಸ್ತುತ ಪ್ರಬಂಧಕಾರನು ಮೈಸೂರಿನ ಕೆಸರೆಯ ಆಸುಪಾಸಿನಲ್ಲಿ ಲಭ್ಯವಿರುವ ಕೋವಿಗಳಿಗೇ ಸೀಮಿತನಾಗಬೇಕಾಯಿತು. ಬ್ಯಾಂಕಿನ ಬಾಗಿಲಲ್ಲಿರುವ ಜೋಡುನಳಿಗೆ ಕೋವಿಯನ್ನು ಮುಟ್ಟಿ ನೋಡಲು ಕೇಳಿದಾಗ ಕಾವಲುಗಾರರು ತೋರಿದ ಮುಖಭಾವದಿಂದ ಆ ಅಧ್ಯಾಯ ಅಲ್ಲಿಗೇ ಮುಗಿಯಿತು. ಉಳಿದವು ಎರಡು: ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಹೊಡೆಯುವ ಏರ್‌ಗನ್, ಮತ್ತು ಕೆಸರೆಯ ಒಂದು ತಾರಸಿಯ ಮೇಲೆ ನನ್ನ ಅಳಿಯ ದುರ್ಬೀನು ಕಟ್ಟಿಕೊಂಡು ಕೂತಿರುವ ಏರ್‌ಗನ್. (ಕೆಸರೆ ಮತ್ತು ಸೈಟು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೊಡನೆ ಓದುಗರ ಮನಸ್ಸು 2024ರ ಪತ್ರಿಕೆಗಳ ನಿವೇಶನ ವಿವಾದದ 3 ಎಕರೆ 16 ಗುಂಟೆಯ ಕಡೆಗೂ 14 ನಿವೇಶನಗಳ ಕಡೆಗೂ ಓಡುತ್ತದೆ. ಇಲ್ಲಿ ವಿಚಾರಿಸುತ್ತಿರುವುದು ಬಂದೂಕಿನ ಸೈಟನ್ನು ಮಾತ್ರ.)

ಮೊದಲು ಪೂರ್ವಪಕ್ಷ. ಬಲೂನು ತಪ್ಪಲು ಕಾರಣವೇನು ಎಂಬಲ್ಲಿ ಎರಡು ಪಂಥಗಳಿವೆ. ಹೊಡೆದವರೆಲ್ಲ ವಂಚನಾವಾದಿಗಳು: ಅಂಗಡಿಯವನು ಸೈಟನ್ನು ಬೇಕೆಂದೇ ಬಗ್ಗಿಸಿಟ್ಟಿದ್ದಾನೆ. ಅಂಗಡಿಯವನು ಕರ್ಮವಾದಿ: "ಗನ್ನು ಸರಿಯಾಗೇ ಅದೆ ಕಣಣ್ಣ, ನಿಮ್ ಕೈಯೇ ಅಲ್ಲಾಡ್ತು." ಅಂಗಡಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಯಾವ ಪಂಥದ್ದೆಂದು ಇನ್ನೂ ಇತ್ಯರ್ಥವಾಗಿಲ್ಲ.

ಇನ್ನು ಖಂಡನೆ. ಸೈಟು ಒಂದು ಡಿಗ್ರಿ ಓರೆಯಾಗಿದೆ ಎನ್ನೋಣ. ಮೂರು ಮೀಟರ್ ದೂರದ ಹಲಗೆಯಲ್ಲಿ ಅದು ತರುವ ವ್ಯತ್ಯಾಸ ಸುಮಾರು 5 ಸೆಂಟಿಮೀಟರ್. ಚೆನ್ನಾಗಿ ಊದಿದ ಬಲೂನಿನ ನಡುವಿಗೆ ಗುರಿಯಿಟ್ಟರೆ, ಇಷ್ಟು ಓರೆಯಿದ್ದರೂ ಅದು ಒಡೆಯಲೇಬೇಕು. ಇದೇ ಒಂದು ಡಿಗ್ರಿ 100 ಮೀಟರ್‌ನಲ್ಲಿ ಒಂದೂಮುಕ್ಕಾಲು ಮೀಟರ್ ಆಗುತ್ತದೆ. ಹುಲಿ ಬದುಕಿಕೊಳ್ಳುತ್ತದೆ, ಶಿಕಾರಿಯ ಮಾತು ಹೇಳಲಾಗದು. ಬಲೂನು ಸೈಟಿನಿಂದಲೇ ತಪ್ಪಬೇಕಾದರೆ ಓರೆ ಕಣ್ಣಿಗೇ ಕಾಣುವಷ್ಟು ಇರಬೇಕು. ಕಾಣುವುದಿಲ್ಲ. ವಂಚನಾವಾದ ಇಲ್ಲಿಗೆ ಬಿತ್ತು.

ಹಾಗೆಂದು ಕರ್ಮವಾದ ಗೆಲ್ಲುವುದಿಲ್ಲ. ಈ ಬಂದೂಕಿನ ನಳಿಗೆಯನ್ನು ಪ್ರತಿ ಸಲವೂ ನಡುವಿಗೆ ಮುರಿದು ಗುಂಡು ಹಾಕಬೇಕು. ಹಬ್ಬದ ಜನ ದಿನವಿಡೀ ಮುರಿದು ಮುರಿದು ಕೀಲಿನ ಬೋಲ್ಟ್ ಸವೆದಿರುತ್ತದೆ. ಮುಚ್ಚಿದಾಗ ನಳಿಗೆ ಒಂದು ಸಲ ಇಲ್ಲಿ ನಿಲ್ಲುತ್ತದೆ, ಇನ್ನೊಂದು ಸಲ ಅಲ್ಲಿ. ದೋಷವಿದೆ, ಆದರೆ ಅದಕ್ಕೆ ನಿಷ್ಠೆಯಿಲ್ಲ. ಈ ಶಾಸ್ತ್ರದ ಮೂಲಸೂತ್ರ ಹುಟ್ಟುವುದು ಇಲ್ಲಿಂದಲೇ: ಮೂರು ಗುಂಡು ಒಂದೇ ಕಡೆ ಗುಂಪಾಗಿ, ಗುರಿಯಿಂದ ದೂರ ಬಿದ್ದರೆ ಸೈಟು ತಿರುಗಿಸಿ, ಮೂರೂ ದಿಕ್ಕಾಪಾಲಾದರೆ ಸೈಟನ್ನು ಮುಟ್ಟಬೇಡಿ, ಸ್ಕ್ರೂ ಹುಡುಕಿ.

ಕೊಡವರು ಈ ಚರ್ಚೆಗೇ ಇಳಿಯುವುದಿಲ್ಲ. ಕೋವಿ ಪರವಾನಗಿಯಿಂದ ವಿನಾಯಿತಿ ಪಡೆದ ಜನ ಅವರು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಅಂದು ಕೋವಿಗೆ ಪೂಜೆಯಾಗಿರುವುದರಿಂದ, ಕಾಯಿ ತಪ್ಪಿದರೆ ಕೋವಿಯನ್ನು ದೂರುವ ಅವಕಾಶವೂ ಇಲ್ಲ.

ಈಗ ತಾರಸಿಗೆ ಬರೋಣ. ಅಳಿಯ ಮರಳಿನ ಚೀಲದ ಮುಂದೆ ಕಾಗದ ಅಂಟಿಸಿ, ಹತ್ತು ಮೀಟರ್ ದೂರದಿಂದ ಹೊಡೆಯುತ್ತಿದ್ದ. ಗುಂಡು 5 ಸೆಂಟಿಮೀಟರ್ ಕೆಳಗೆ ಬಿತ್ತು. ದುರ್ಬೀನಿನ ಗುಬುಟನ್ನು ನಾಲ್ಕು ಸಲ 'ಟಿಕ್' ಎನ್ನಿಸಿ ಮತ್ತೆ ಹೊಡೆದ. ಅಲ್ಲೇ ಬಿತ್ತು. "ಇದು ಡೂಪ್ಲಿಕೇಟ್ ಮಾಲು ಮಾವ" ಎಂದ. ಸಾಮಾನ್ಯ ದುರ್ಬೀನಿನಲ್ಲಿ ಒಂದು ಟಿಕ್ ಎಂದರೆ 100 ಮೀಟರ್‌ಗೆ ಸುಮಾರು 7 ಮಿಲಿಮೀಟರ್. ಹತ್ತು ಮೀಟರ್‌ಗೆ ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. 5 ಸೆಂಟಿಮೀಟರ್ ಏರಬೇಕಾದರೆ ಎಪ್ಪತ್ತರ ಹತ್ತಿರ ಟಿಕ್ ಬೇಕು. ಅದರ ಮೇಲೆ, ದುರ್ಬೀನು ನಳಿಗೆಗಿಂತ ಸುಮಾರು 4 ಸೆಂಟಿಮೀಟರ್ ಎತ್ತರದಲ್ಲಿ ಕೂತಿರುತ್ತದೆ. ದೂರಕ್ಕೆ ಹೊಂದಿಸಿ ಹತ್ತಿರಕ್ಕೆ ಹೊಡೆದರೆ ಗುಂಡು ಕೆಳಗೇ ಬೀಳುತ್ತದೆ. ಇದು ದೋಷವಲ್ಲ, ರೇಖಾಗಣಿತ.

ಎಪ್ಪತ್ತು ಟಿಕ್ ಆದ ಮೇಲೆ ಗುಂಡುಗಳು ಕಾಗದದ ತುಂಬ ಹರಡಿದವು. ಸ್ಪ್ರಿಂಗ್ ಏರ್‌ಗನ್ನಿನ ಗುಣವೇ ಹಾಗೆ. ಅದು ಮೊದಲು ಹಿಂದಕ್ಕೆ ಒದ್ದು, ಒಳಗಿನ ಪಿಸ್ಟನ್ ಹೋಗಿ ಬಡಿದೊಡನೆ ಮುಂದಕ್ಕೂ ಜಿಗಿಯುತ್ತದೆ. ದೊಡ್ಡ ಕೋವಿಯ ಒದೆತ ತಾಳುವ ದುರ್ಬೀನೂ ಈ ಎರಡೂ ಕಡೆಯ ಒದೆತಕ್ಕೆ ಸೋಲಬಹುದು. ಹಿಡಿಕೆ ಸಡಿಲವಿದ್ದರಂತೂ ದುರ್ಬೀನು ಹಳಿಯ ಮೇಲೆ ಇಂಚಿಂಚೇ ಹಿಂದಕ್ಕೆ ಜಾರುತ್ತದೆ. ಅಳಿಯನೋ ತುಕ್ಕು ಹಿಡಿಯದಿರಲೆಂದು ಹಳಿಗೆ ಎಣ್ಣೆ ಸವರಿದ್ದ.

ಪರಿಹಾರ ಕೊಟ್ಟವರು ಪಕ್ಕದ ಮನೆಗೆ ಪ್ಲಾಸ್ಟರಿಂಗ್ ಮಾಡುತ್ತಿದ್ದ ಗಾರೆ ಮೇಸ್ತ್ರಿ. ಮೊದಲು ಎಣ್ಣೆ ಒರೆಸಿಸಿದರು. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ತಿರುವದೆ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಸಿದರು. ಆಮೇಲೆ ಬಂದೂಕಿನ ಮೇಲೆ ರಸಮಟ್ಟ ಇಟ್ಟು, ಎದುರು ಗೋಡೆಗೆ ದಾರದಲ್ಲಿ ತೂಕದ ಗುಂಡು ಇಳಿಬಿಟ್ಟು, "ಒಳಗಿನ ನಿಲುಗೆರೆ ಈ ದಾರದ ಮೇಲೆ ಕೂತ್ಕೋಬೇಕು ಕಣಪ್ಪಾ. ಓರೆ ಇದ್ರೆ ಗ್ವಾಡೆನೂ ನಿಲ್ಲಕಿಲ್ಲ" ಎಂದರು. ಮೇಸ್ತ್ರಿಗೆ ಈ ವಿಷಯದಲ್ಲಿ ಡಾಕ್ಟರೇಟ್ ಇಲ್ಲ. ಆದ್ದರಿಂದಲೇ ಕೆಲಸ ಬೇಗ ಮುಗಿಯಿತು.

ದೊಡ್ಡವರಿಗೂ ಈ ಕಷ್ಟ ತಪ್ಪಿದ್ದಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ಗೆ ಮುಂಚೆ ತಮ್ಮ ರೈಫಲ್ಲಿನ ಸೈಟನ್ನು ಯಾರೋ ಕೆಡಿಸಿದ್ದರೆಂದು ಅಭಿನವ್ ಬಿಂದ್ರಾ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಲೆಕ್ಕಕ್ಕಿಲ್ಲದ ಅಭ್ಯಾಸದ ಗುಂಡುಗಳಲ್ಲೇ ಅದು ಗೊತ್ತಾಗಿ, ಸರಿಪಡಿಸಿಕೊಂಡು ಚಿನ್ನ ಗೆದ್ದರು. ಅವರ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲದ್ದು, ದೂರ 10 ಮೀಟರ್, ದುರ್ಬೀನು ನಿಷಿದ್ಧ. ಬಲೂನು ಅಂಗಡಿಯವನು ಕೊಡದಿರುವುದು ಆ ಅಭ್ಯಾಸದ ಗುಂಡುಗಳನ್ನೇ.

ಆದಕಾರಣ ಈ ಸಲ ದಸರಾಕ್ಕೆ ಹೋಗುವವರಲ್ಲಿ ಒಂದು ವಿನಂತಿ. ಮೊದಲ ಮೂರು ಗುಂಡನ್ನು ಬಲೂನಿಗೆ ಹೊಡೆಯಬೇಡಿ. ಎರಡು ಬಲೂನಿನ ನಡುವಿನ ಬರೀ ಹಲಗೆಗೆ ಹೊಡೆದು, ಎಲ್ಲಿ ಬಿದ್ದವೆಂದು ನೋಡಿ. ಗುಂಪಾಗಿ ಬಿದ್ದರೆ ಅಷ್ಟೇ ಅಂತರ ವಿರುದ್ಧ ದಿಕ್ಕಿಗೆ ಗುರಿಯಿಡಿ, ಚದುರಿದರೆ ಬೇರೆ ಬಂದೂಕು ಕೇಳಿ. ಅಂಗಡಿಯವನು ಜಗಳಕ್ಕೆ ಬಂದರೆ ದಯವಿಟ್ಟು ಈ ಪ್ರಬಂಧದ ಹೆಸರು ಹೇಳಬೇಡಿ.